ಕೇರುಕಾಯಿ ಮಸಿ

ಗ್ಲಾಸ್ಗೋದಿಂದ ನಾನು ತಂದದ್ದು
ಒಂದು ಪದವಿ, ಇಪ್ಪತ್ತೆರಡು ಲಕ್ಷದ ಸಾಲ,
ತೋಳು ಉದ್ದವಾದ ಒಂದು ಕೋಟು.
ಅಪ್ಪ ಕೋಟನ್ನು ಮೂಸಿ ನೋಡಿದ.
"ಉಣ್ಣೆ ಚೆನ್ನಾಗಿದೆ. ಒಗೆದಿಲ್ಲ" ಅಂದ.
ಅಲ್ಲಿಗೆ ಸ್ವಾಗತ ಮುಗಿಯಿತು.

ಮಲ್ಲೇಶ್ವರದ ದೋಬಿ ಘಾಟಿನಲ್ಲಿ ಐದಕ್ಕೇ
ಮೆಷಿನ್ನು ಗುಡುಗಲು ಶುರು.
ಅಜ್ಜಿ ಬಡಿಯುತ್ತಿದ್ದ ಕಲ್ಲಿನ ಮೇಲೆ
ಈಗ ಒಣಗುತ್ತಿರುತ್ತವೆ ಆಸ್ಪತ್ರೆಯ ಹಸಿರು ಗೌನು,
ಒಂದರ ಪಕ್ಕ ಒಂದು,
ಟೋಕನ್ನು ಹಿಡಿದು ಕಾದ ಹಾಗೆ.

ಎರಡು ವರ್ಷ ನಾನು ಕಲಿತದ್ದು
ಒಗೆಯದೆ ಇರುವುದನ್ನು.
ಇನ್ನೂರು ವರ್ಷದ ಒಂದು ಕುಪ್ಪಸದ ಕಂಕುಳ ಕಲೆಯನ್ನು
ಭೂತಗನ್ನಡಿಯಲ್ಲಿ ನೋಡಿ, ಅಳೆದು, ಬರೆದಿಟ್ಟು,
ಮುಟ್ಟದೆ ಮುಚ್ಚಿಡಬೇಕು.
ಬೆವರೂ ಚರಿತ್ರೆ, ಎನ್ನುತ್ತಿದ್ದರು ಮೇಡಮ್ಮು.
ಇದನ್ನು ಹೇಳಿದ್ದೇ ತಡ
ಟೀ ನೆತ್ತಿಗೇರುವಷ್ಟು ನಕ್ಕ ಅಪ್ಪ:
"ನಾಲ್ಕು ತಲೆಮಾರಿಂದ ಆ ಚರಿತ್ರೆ ತೆಗೆಯೋಕೇ
ಸೋಡಾ ಹಾಕ್ತಾ ಇದೀವಲ್ಲಮ್ಮ!"

ಭಾನುವಾರ ಮಧ್ಯಾಹ್ನ
ಲೆಕ್ಕದ ಪುಸ್ತಕದ ಕೊನೆ ಹಾಳೆಯಲ್ಲಿ
'ಗುರಿ' ಅಂತ ಬರೆದು ಕೆಳಗೆ ಗೆರೆ ಎಳೆದೆ.
ಒಂದು: ಮ್ಯೂಸಿಯಮ್ಮಿನ ಕೆಲಸ.
ಅರ್ಜಿ ಹಾಕಿ ಐದು ವಾರ; ಅನುಭವ ಎಷ್ಟು, ಅಂತ ಕೇಳಿ
ಸುಮ್ಮನಾಗಿದ್ದಾರೆ.
ಎರಡು: ಮಾತು ಶುರು ಮಾಡುವಾಗೆಲ್ಲ
'ಅಲ್ಲಾದರೆ' ಅನ್ನುವುದನ್ನು ಬಿಡುವುದು.
ಮೂರು: ಸಂಪಿಗೆ ರಸ್ತೆ ದಾಟುವಾಗ
ನನಗಾಗಿ ಬಸ್ಸು ನಿಲ್ಲುತ್ತದೆಂದು ಕಾಯದಿರುವುದು.
ನಾಲ್ಕರ ಹತ್ತಿರ ಪೆನ್ನು ನಿಂತಿತು.

ಅಜ್ಜಿ ಬಗ್ಗಿ ನೋಡಿದಳು. ಓದು ಬಾರದು ಅವಳಿಗೆ,
ಕಿವಿಯೂ ಅಷ್ಟಕ್ಕಷ್ಟೆ.
"ಏನೇ ಅದು, ಮೇಲಿರೋದು?"
"ಗುರಿ, ಅಜ್ಜಿ."
"ಗುರ್ತಾ? ಯಾರ ಮನೇದು?"

ಆಮೇಲೆ ನಿಲ್ಲಲೇ ಇಲ್ಲ ಮುನಿವೆಂಕಟಮ್ಮ.
ಎರಡು ಚುಕ್ಕಿ, ಒಂದು ಗೆರೆ: ಹದಿನೈದನೇ ಕ್ರಾಸಿನ ಲಾಯರು.
ಕಾಗೆಕಾಲು: ಹೆರಿಗೆ ಡಾಕ್ಟರಮ್ಮ,
ನಿಮ್ಮಪ್ಪನ್ನ ಹೊರಗೆ ಎಳೆದೋರು.
ಬಾಲ ಇರೋ ಸೊನ್ನೆ:
ತೀರಿಹೋದ ಮಗನ ಅಂಗಿ ವಾರವಾರ ಹಾಕೋರು ಆಯಮ್ಮ,
ಬೆವರಿಲ್ಲ, ಮಣ್ಣಿಲ್ಲ,
ಒಗೆದು ಇಸ್ತ್ರಿ ಮಾಡಿ ಕೊಟ್ಟೆ ಮೂರು ವರ್ಷ,
ದುಡ್ಡು ಮಾತ್ರ ತಗೊಳ್ಳಲಿಲ್ಲ ಕಣೆ.

ಕೇರುಕಾಯಿಗೆ ಸೂಜಿ ಚುಚ್ಚಿ ಕಾಲರಿನ ಒಳಗೆ ಬರೆದರೆ
ಬಟ್ಟೆ ಹರಿದರೂ ಮಸಿ ಹೋಗದಂತೆ.
ಮುನ್ನೂರು ಮನೆ. ಒಂದೂ ಅದಲುಬದಲಾಗಿಲ್ಲ.
"ಎಲ್ಲಾದರೂ ಬರೆದಿಟ್ಟಿದ್ದೀಯಾ?"
"ಬಟ್ಟೆ ಮೇಲೇ ಬರೆದಿದ್ದೆನಲ್ಲ!"

ಆ ಬಟ್ಟೆಗಳು ಈಗ ಎಲ್ಲಿ?
ಸ್ಟೀಲು ಪಾತ್ರೆಗೆ ಹೋದವು, ತೊಟ್ಟಿಲ ಮೆತ್ತೆಗೆ,
ಸ್ಕೂಟರು ಒರೆಸಲು.
ನಾಲ್ಕನೇ ಸಾಲಿನಲ್ಲಿ ಪದ ಬರೆಯಲಿಲ್ಲ,
ಎರಡು ಚುಕ್ಕಿ, ಒಂದು ಗೆರೆ.
ಪಕ್ಕದಲ್ಲಿ ಕಾಗೆಕಾಲು.
ಹಾಳೆ ಮುಗಿಯಿತು, ರಟ್ಟಿನ ಮೇಲೂ ಬರೆದೆ,
ಅವಳು ಅರವತ್ತಕ್ಕೆ ಸುಸ್ತಾಗಿ ಎಲೆಯಡಿಕೆ ಕೇಳಿದಳು.
ಇನ್ನೂರ ನಲವತ್ತು ಬಾಕಿ.
ಅವಳಿಗೆ ಎಂಬತ್ತೆರಡು.

"ನಮ್ಮನೆ ಬಟ್ಟೆಗೆ ಯಾವ ಗುರ್ತು, ಅಜ್ಜಿ?"
ಇಷ್ಟು ಓದಿ ಇದೂ ಗೊತ್ತಿಲ್ಲವೇ ಎಂಬಂತೆ ನೋಡಿದಳು.
"ನಮಗ್ಯಾಕೆ?
ಎಲ್ಲರದೂ ಹಂಚಿ ಉಳಿದದ್ದು ನಮ್ಮದು."

ಸಂಜೆ ಅಪ್ಪ ಕೋಟನ್ನು ಹೆಗಲಿಗೆ ಹಾಕಿಕೊಂಡು ಹೊರಟಿದ್ದ.
ಕಂಕುಳಲ್ಲಿ ನನ್ನ ಎರಡು ವರ್ಷ,
ಹಾಸ್ಟೆಲ್ಲಿನ ಎಣ್ಣೆವಾಸನೆ, ಕೊನೆ ಬಸ್ಸಿಗೆ ಓಡಿದ್ದು.
ಬೇಡ ಅನ್ನಲು ಬಾಯಿ ತೆರೆದೆ.
"ತಣ್ಣೀರಲ್ಲಿ ಹಾಕು. ಸೋಡಾ ಬೇಡ."
"ನಂಗೇ ಹೇಳಿಕೊಡ್ತೀಯಾ?
ಆಸ್ಪತ್ರೆದರ ಜೊತೆ ಸೇರಿಹೋದೀತು, ಗುರ್ತು ಹಾಕಲಾ?"
"ಬೇಡಪ್ಪ" ಅಂದೆ.